ಹಾಡುವ ಹಕ್ಕಿಗೆ ನೀರು, ಕೂಗುವ ಕಪ್ಪೆಗೆ ಉಪ್ಪು!

ನನ್ನದೊಂದು ತಪ್ಪನ್ನು ಮೊದಲೇ ಒಪ್ಪಿಕೊಂಡು ಈ ಲೇಖನ ಆರಂಭಿಸುತ್ತೇನೆ.

ಮುಂಗಾರಿನ ಒಂದು ರಾತ್ರಿ. ನಮ್ಮ ಕುಕ್ಕುವಾಡದಲ್ಲಿ ಸಂಜೆಯಿಂದಲೇ ಮಳೆ ಹಿಡಿದಿತ್ತು. ಇಶಾ ನಮಾಝ್ ಮುಗಿಸಿ ಅಡುಗೆ ಮನೆ ಒರೆಸುತ್ತಿದ್ದೆ. ಹಿತ್ತಲ ಬಚ್ಚಲಲ್ಲಿ ಏನೋ ಧಪ್ಪೆಂದು ಬಿದ್ದಂತಾಯಿತು. ಬೆಳಕು ಹಾಕಿ ನೋಡಿದರೆ ಅಂಗೈಗಿಂತ ದೊಡ್ಡದಾದ ಗೋಂಕರ ಕಪ್ಪೆ. ನಾನು ಹಿಂದೆ ಮುಂದೆ ನೋಡಲಿಲ್ಲ. ಉಪ್ಪಿನ ಡಬ್ಬಿಗೆ ಕೈಹಾಕಿ ಒಂದು ಹಿಡಿ ಕಲ್ಲುಪ್ಪನ್ನು ಅದರ ಬೆನ್ನ ಮೇಲೆ ಎರಚಿದೆ. ನನ್ನ ತಾಯಿ ಹಾಗೆಯೇ ಮಾಡುತ್ತಿದ್ದರು, ಅವರ ತಾಯಿಯೂ ಹಾಗೆಯೇ ಮಾಡುತ್ತಿದ್ದರು. ಕಪ್ಪೆ ಒದ್ದಾಡುತ್ತಾ, ಗೋಡೆಗೆ ಬಡಿದುಕೊಳ್ಳುತ್ತಾ ಮೋರಿಯ ದಾರಿ ಹಿಡಿಯಿತು.

ಹಿಂದೆ ನಿಂತಿದ್ದ ನನ್ನ ಮಗಳು ಏಳನೇ ತರಗತಿಯವಳು. ಅವಳು ಕೇಳಿದಳು: "ಅಮ್ಮೀ, ಬೆಳಿಗ್ಗೆ ಹಾಡುವ ಹಕ್ಕಿಗೆ ದಿನಾ ಬಟ್ಟಲಲ್ಲಿ ನೀರಿಡುತ್ತೀಯ. ರಾತ್ರಿ ಹಾಡುವ ಕಪ್ಪೆಗೆ ಮಾತ್ರ ಉಪ್ಪಾ?"

ಮಕ್ಕಳಿಗೆ ಪಾಠ ಹೇಳುವ ನನಗೆ ಆ ಪ್ರಶ್ನೆಗೆ ಉತ್ತರ ಹೇಳಲಾಗಲಿಲ್ಲ. ಅವಳು ಹೇಳಿದ ಹಕ್ಕಿ ನಮ್ಮ ಮನೆಯ ನುಗ್ಗೆ ಮರದ ಮೇಲೆ ಫಜ್ರ್ ಹೊತ್ತಿಗೆ ಕುಳಿತು ಹಾಡುವ ಮಡಿವಾಳ ಹಕ್ಕಿ. ಒಂದು ಧ್ವನಿಗೆ ಕಿಟಕಿ ತೆರೆಯುತ್ತೇವೆ, ಇನ್ನೊಂದು ಧ್ವನಿಗೆ ಕಿಟಕಿ ಮುಚ್ಚುತ್ತೇವೆ. ಏಕೆ? ಈ ಎರಡು ಜೀವಿಗಳು ಯಾರು? ಜೀವಲೋಕದಲ್ಲಿ ಅವುಗಳ ಸ್ಥಾನವೇನು? ಅವು ನಮ್ಮ ನಡುವೆ ಉಳಿಯುತ್ತವೆಯೇ? ಮಗಳಿಗೆ ಉತ್ತರ ಕೊಡಲೆಂದು ನಾನು ಓದಿ ತಿಳಿದುಕೊಂಡದ್ದನ್ನು ನಿಮ್ಮೊಡನೆಯೂ ಹಂಚಿಕೊಳ್ಳುತ್ತಿದ್ದೇನೆ.

ಇಬ್ಬರು ಗಾಯಕರ ಪರಿಚಯ

ಮಡಿವಾಳ ಹಕ್ಕಿಯನ್ನು ನೀವು ಖಂಡಿತ ನೋಡಿದ್ದೀರಿ, ಹೆಸರು ಗೊತ್ತಿಲ್ಲದಿರಬಹುದು. ಗುಬ್ಬಿಗಿಂತ ದೊಡ್ಡದು, ಮೈನಾಕ್ಕಿಂತ ಸ್ವಲ್ಪ ಚಿಕ್ಕದು. ಗಂಡಿಗೆ ತಲೆ, ಬೆನ್ನು, ಎದೆ ಹೊಳೆಯುವ ಕಪ್ಪು, ಹೊಟ್ಟೆ ಬಿಳಿ, ರೆಕ್ಕೆಯ ಮೇಲೊಂದು ಬಿಳಿ ಪಟ್ಟೆ. ಹೆಣ್ಣಿಗೆ ಕಪ್ಪಿನ ಬದಲು ಬೂದು ಬಣ್ಣ. ಬಾಲವನ್ನು ಮೇಲಕ್ಕೆತ್ತಿ ಇಳಿಸುತ್ತಾ ಅಂಗಳದಲ್ಲಿ ಹುಳು ಹೆಕ್ಕುತ್ತದೆ. ಬೇಸಿಗೆಯಿಂದ ಮಳೆಗಾಲದ ಆರಂಭದವರೆಗೆ ಅದು ಗೂಡು ಕಟ್ಟುವ ಕಾಲ. ಮರದ ಪೊಟರೆ, ಹಳೆಯ ಗೋಡೆಯ ಬಿರುಕು ಅದರ ಮನೆ. ನಾಲ್ಕೈದು ಮೊಟ್ಟೆಯಿಟ್ಟು ಸುಮಾರು ಎರಡು ವಾರ ಕಾವು ಕೊಡುತ್ತದೆ. ನೆರೆಯ ಬಾಂಗ್ಲಾದೇಶದಲ್ಲಿ ಇದಕ್ಕೆ ದೋಯೆಲ್ ಎಂದು ಹೆಸರು. ಅಲ್ಲಿ ಇದೇ ರಾಷ್ಟ್ರಪಕ್ಷಿ.

ಗೋಂಕರ ಕಪ್ಪೆ ದಕ್ಷಿಣ ಏಷ್ಯಾದ ಅತಿದೊಡ್ಡ ಕಪ್ಪೆಗಳಲ್ಲೊಂದು. ಚೆನ್ನಾಗಿ ಬೆಳೆದದ್ದು ಹದಿನೈದು ಸೆಂಟಿಮೀಟರನ್ನೂ ದಾಟುತ್ತದೆ. ವರ್ಷವಿಡೀ ಹಸಿರು ಕಂದು ಬಣ್ಣದಲ್ಲಿ ಅಡಗಿರುವ ಗಂಡು ಕಪ್ಪೆ ಮೊದಲ ಜಡಿಮಳೆಗೆ ನಿಂಬೆಹಣ್ಣಿನಂತೆ ಹಳದಿಯಾಗುತ್ತದೆ. ಗಂಟಲಿನ ಎರಡೂ ಬದಿಯ ಚೀಲಗಳು ನೀಲಿಯಾಗಿ ಉಬ್ಬುತ್ತವೆ. ಭದ್ರಾ ನಾಲೆಯ ಬದಿಯ ಗದ್ದೆಯಲ್ಲಿ ಮಳೆಗಾಲದಲ್ಲಿ ಇದನ್ನು ನೋಡಿದವರಿಗೆ ಕಪ್ಪೆ ಕುರೂಪಿ ಎನ್ನಲು ಬಾಯಿ ಬಾರದು. ಹುಳು, ಮಿಡತೆ, ಏಡಿ, ಕೆಲವೊಮ್ಮೆ ಚಿಕ್ಕ ಇಲಿಯನ್ನೂ ಇದು ಬಿಡುವುದಿಲ್ಲ. ಕೂಲಿ ಕೇಳದೆ ರೈತನ ಗದ್ದೆ ಕಾಯುವ ಆಳು.

ಡಬ್ಬಿಗಳನ್ನು ಜೋಡಿಸುವ ವಿದ್ಯೆ

ನಿಮ್ಮ ಅಡುಗೆ ಮನೆಯ ಕಪಾಟನ್ನು ಒಮ್ಮೆ ನೆನೆಯಿರಿ. ಬೇಳೆಗಳು ಒಂದು ಕಡೆ, ಮಸಾಲೆ ಒಂದು ಕಡೆ. ಮಸಾಲೆಯಲ್ಲೂ ಪುಡಿಗಳು ಬೇರೆ, ಇಡಿಯಾದವು ಬೇರೆ. ಹಾಗೆ ಜೋಡಿಸಿದ್ದರಿಂದಲೇ ಕತ್ತಲಲ್ಲೂ ಕೈ ಸರಿಯಾದ ಡಬ್ಬಿಗೆ ಹೋಗುತ್ತದೆ. ಜೀವಿಗಳನ್ನು ಹೀಗೆ ಜೋಡಿಸುವುದನ್ನೇ ವರ್ಗೀಕರಣ ಎನ್ನುತ್ತಾರೆ.

ಈ ಕೆಲಸ ಬಹಳ ಹಳೆಯದು. ಒಂಬತ್ತನೇ ಶತಮಾನದಲ್ಲಿ ಬಸ್ರಾದ ವಿದ್ವಾಂಸ ಅಲ್ ಜಾಹಿಝ್ 'ಕಿತಾಬುಲ್ ಹಯವಾನ್' ಎಂಬ ಬೃಹತ್ ಗ್ರಂಥ ಬರೆದು, ಪ್ರಾಣಿಗಳನ್ನು ನಡೆಯುವವು, ಹಾರುವವು, ಈಜುವವು, ತೆವಳುವವು ಎಂದು ವಿಂಗಡಿಸಿದರು. ಹದಿನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಅದ್ದಮೀರಿ ಪ್ರಾಣಿಗಳನ್ನು ಅಕ್ಷರಕ್ರಮದಲ್ಲಿ ಜೋಡಿಸಿ ಒಂದು ಕೋಶವನ್ನೇ ರಚಿಸಿದರು. ಆದರೆ ನಡೆಯುವುದು, ಈಜುವುದು ಎಂಬ ವಿಂಗಡಣೆಯಲ್ಲಿ ಕಪ್ಪೆಯನ್ನು ಎಲ್ಲಿಡುವುದು? ಅದು ಈಜುತ್ತದೆ, ಕುಪ್ಪಳಿಸುತ್ತದೆ, ಮರಿಯಾಗಿದ್ದಾಗ ಮೀನಿನಂತಿರುತ್ತದೆ. ಎಷ್ಟೇ ಕಪಾಟು ಮಾಡಿದರೂ ಕಪ್ಪೆ ಹೊರಕ್ಕೆ ಜಿಗಿಯುತ್ತಿತ್ತು!

ಇಂದು ಜಗತ್ತು ಬಳಸುವ ಪದ್ಧತಿ ಸ್ವೀಡನ್ ದೇಶದ ಕಾರ್ಲ್ ಲಿನೇಯಸ್‌ನದು. 1758ರಲ್ಲಿ ಪ್ರಕಟವಾದ ಅವನ ಗ್ರಂಥದ ಹತ್ತನೇ ಆವೃತ್ತಿಯಿಂದ ಪ್ರಾಣಿಗಳ ಎರಡು ಪದದ ಹೆಸರುಗಳು ಲೆಕ್ಕಕ್ಕೆ ಬರುತ್ತವೆ. ಮಡಿವಾಳ ಹಕ್ಕಿಗೆ ಹೆಸರಿಟ್ಟವನೂ ಅವನೇ, ಅದೇ ವರ್ಷ. ಕಪ್ಪೆಗಳನ್ನು ಮಾತ್ರ ಅವನು ಹಾವು, ಹಲ್ಲಿಗಳ ಜೊತೆ ಒಂದೇ ಗುಂಪಿಗೆ ತಳ್ಳಿ, ಆ ಇಡೀ ಗುಂಪನ್ನು ಅಸಹ್ಯದ ಮಾತುಗಳಿಂದ ವರ್ಣಿಸಿದ. ನೋಡಿ, ಕಪ್ಪೆಯ ಮೇಲಿನ ಹೇಸಿಗೆ ನನ್ನ ನಿಮ್ಮ ಬಚ್ಚಲಿನದು ಮಾತ್ರವಲ್ಲ. ಅಷ್ಟು ದೊಡ್ಡ ವಿಜ್ಞಾನಿಯ ಲೇಖನಿಯಲ್ಲೂ ಅದು ಇತ್ತು. ಹಾವು ಹಲ್ಲಿಗಳು ಬೇರೆ, ಕಪ್ಪೆಗಳು ಬೇರೆ ಎಂದು ನಂತರದವರು ತಿದ್ದಿದರು.

ಮಕ್ಕಳಿಗೆ ಪಾಠ ಹೇಳಿಕೊಡುವಾಗ ಉಪಯೋಗವಾಗಲೆಂದು ಇಬ್ಬರ ವಿಳಾಸವನ್ನು ಇಲ್ಲಿ ಕೊಡುತ್ತಿದ್ದೇನೆ:

ಸಾಮ್ರಾಜ್ಯ: ಇಬ್ಬರದೂ ಪ್ರಾಣಿ ಸಾಮ್ರಾಜ್ಯ.
ವಂಶ: ಇಬ್ಬರದೂ ಕಾರ್ಡೇಟಾ, ಅದರಲ್ಲೂ ಇಬ್ಬರೂ ಬೆನ್ನೆಲುಬುಳ್ಳ ಕಶೇರುಕಗಳು.
ವರ್ಗ: ಹಕ್ಕಿಯದು ಏವ್ಸ್, ಅಂದರೆ ಪಕ್ಷಿಗಳು. ಕಪ್ಪೆಯದು ಆಂಫಿಬಿಯಾ, ಅಂದರೆ ಉಭಯವಾಸಿಗಳು.
ಗಣ: ಹಕ್ಕಿಯದು ಪ್ಯಾಸೆರಿಫಾರ್ಮಿಸ್. ಕಪ್ಪೆಯದು ಅನ್ಯೂರಾ, ಅಂದರೆ ಬಾಲವಿಲ್ಲದವು.
ಕುಟುಂಬ: ಹಕ್ಕಿಯದು ಮಸ್ಸಿಕ್ಯಾಪಿಡೇ. ಕಪ್ಪೆಯದು ಡೈಕ್ರೊಗ್ಲಾಸಿಡೇ.
ಜಾತಿ ಮತ್ತು ಪ್ರಭೇದ: ಹಕ್ಕಿ ಕಾಪ್ಸಿಕಸ್ ಸಾಲಾರಿಸ್. ಕಪ್ಪೆ ಹೊಪ್ಲೊಬಟ್ರಾಕಸ್ ಟೈಗ್ರಿನಸ್.

ಗಮನಿಸಿ, ಎರಡು ಮೆಟ್ಟಿಲವರೆಗೆ ಇಬ್ಬರೂ ಜೊತೆಗಿದ್ದಾರೆ. ಮೂರನೆಯ ಮೆಟ್ಟಿಲಲ್ಲಿ ದಾರಿ ಕವಲೊಡೆಯುತ್ತದೆ. ಆ ಮೊದಲ ಎರಡು ಮೆಟ್ಟಿಲಲ್ಲಿ ನಾವೂ ಅವರ ಜೊತೆಗಿದ್ದೇವೆ ಎಂಬುದನ್ನು ಮರೆಯಬೇಡಿ.

ಇನ್ನೊಂದು ಮಾತು. ಈ ವಿಳಾಸಗಳು ಶಾಶ್ವತವಲ್ಲ. ನಮ್ಮ ಕಾಲದಲ್ಲಿ ಪಿಯುಸಿ ವಿಜ್ಞಾನ ಓದಿದವರಿಗೆ ಈ ಕಪ್ಪೆ 'ರಾನಾ ಟೈಗ್ರಿನಾ' ಎಂದೇ ನೆನಪಿರಬಹುದು. ಪ್ರಯೋಗಾಲಯದ ಮೇಜಿನ ಮೇಲೆ ಮೊಳೆ ಹೊಡೆದು ಕೊಯ್ಯುತ್ತಿದ್ದದ್ದು ಇದನ್ನೇ. ಈಗ ಅದರ ಜಾತಿಯ ಹೆಸರೇ ಬದಲಾಗಿದೆ. ಕಾಲೇಜುಗಳಲ್ಲಿ ಪ್ರಾಣಿ ಕೊಯ್ಯುವುದನ್ನು ಕೈಬಿಡುವಂತೆ ವಿಶ್ವವಿದ್ಯಾಲಯ ಅನುದಾನ ಆಯೋಗ 2011ರಿಂದ ಸೂಚಿಸುತ್ತಾ ಬಂದದ್ದರಿಂದ ಆ ಮೊಳೆಗಳಿಂದಲೂ ಅದಕ್ಕೆ ಬಿಡುಗಡೆಯಾಗಿದೆ. ಮಡಿವಾಳ ಹಕ್ಕಿಯನ್ನೂ ಹಿಂದೆ ಬೇರೊಂದು ಕುಟುಂಬದಲ್ಲಿ ಸೇರಿಸಿದ್ದರು. ವಂಶವಾಹಿಗಳ ಪರೀಕ್ಷೆಯ ನಂತರ ನೊಣಹಿಡುಕ ಹಕ್ಕಿಗಳ ಕುಟುಂಬಕ್ಕೆ ಕರೆತಂದರು.

ಹಾಡು ಎಲ್ಲಿಂದ ಬರುತ್ತದೆ?

ಇಬ್ಬರೂ ಹಾಡುವುದು ಒಂದೇ ಕಾರಣಕ್ಕೆ. ಗಂಡು ತನ್ನ ಜಾಗವನ್ನು ಸಾರಬೇಕು, ಹೆಣ್ಣನ್ನು ಕರೆಯಬೇಕು. ಆದರೆ ವಾದ್ಯ ಬೇರೆ. ಹಕ್ಕಿಯ ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗದಲ್ಲಿ ಸಿರಿಂಕ್ಸ್ ಎಂಬ ಅಂಗವಿದೆ. ಹಾಡುಹಕ್ಕಿಗಳು ಅದರ ಎರಡು ಬದಿಗಳಿಂದ ಎರಡು ಸ್ವರವನ್ನು ಒಟ್ಟಿಗೇ ಹೊರಡಿಸಬಲ್ಲವು. ಕಪ್ಪೆಯಾದರೋ ಬಾಯಿ ಮತ್ತು ಮೂಗು ಮುಚ್ಚಿಕೊಂಡು, ಒಂದೇ ಉಸಿರನ್ನು ಶ್ವಾಸಕೋಶ ಮತ್ತು ಗಂಟಲ ಚೀಲದ ನಡುವೆ ಹಿಂದೆ ಮುಂದೆ ತಳ್ಳುತ್ತಾ ಕೂಗುತ್ತದೆ.

ತಾಯಂದಿರಿಗೆ ಇಷ್ಟವಾಗುವ ವ್ಯತ್ಯಾಸವೊಂದಿದೆ. ಕಪ್ಪೆಗೆ ಹಾಡು ಹುಟ್ಟಿನಿಂದಲೇ ಗೊತ್ತು, ಯಾರೂ ಕಲಿಸಬೇಕಿಲ್ಲ. ಹಾಡುಹಕ್ಕಿಯ ಮರಿ ಮಾತ್ರ ಹಿರಿಯರ ಹಾಡನ್ನು ಕೇಳಿಯೇ ಕಲಿಯಬೇಕು. ಮೊದಲು ತೊದಲುತ್ತದೆ, ತಿದ್ದಿಕೊಳ್ಳುತ್ತದೆ. ಮಡಿವಾಳ ಹಕ್ಕಿ ಬೇರೆ ಹಕ್ಕಿಗಳ ಕೂಗನ್ನೂ ಅನುಕರಿಸಿ ತನ್ನ ಹಾಡಿಗೆ ಸೇರಿಸಿಕೊಳ್ಳುತ್ತದೆ. ಹಿರಿಯ ಹಕ್ಕಿಗಳೆಲ್ಲ ಪಂಜರ ಸೇರಿದರೆ ಮರಿಗಳಿಗೆ ಕಲಿಸುವವರು ಯಾರು? ಈ ಪ್ರಶ್ನೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಆ ಒಂದು ಹಿಡಿ ಉಪ್ಪು

ಹಕ್ಕಿಗೆ ಗರಿಯ ಹೊದಿಕೆಯಿದೆ, ಮೊಟ್ಟೆಗೆ ಗಟ್ಟಿ ಚಿಪ್ಪಿದೆ, ಹೃದಯಕ್ಕೆ ನಾಲ್ಕು ಕೋಣೆ, ಮೈ ಸದಾ ಬೆಚ್ಚಗೆ. ಕಪ್ಪೆಗೆ ಇದಾವುದೂ ಇಲ್ಲ. ಹೃದಯಕ್ಕೆ ಮೂರೇ ಕೋಣೆ. ಮೈಯ ಬಿಸಿ ಹೊರಗಿನ ಹವೆಯಂತೆ ಏರಿಳಿಯುತ್ತದೆ. ಮೊಟ್ಟೆಯೆಂದರೆ ನೀರಿನಲ್ಲಿ ತೇಲುವ ಲೋಳೆಯ ಮಣಿಗಳು. ಇನ್ನು ಚರ್ಮ? ಅದು ತೆಳುವಾದ, ಒದ್ದೆಯಾದ, ಬರಿಯ ಚರ್ಮ. ಕಪ್ಪೆ ನಮ್ಮಂತೆ ಬಾಯಿಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಚರ್ಮದಿಂದಲೇ ಹೀರಿಕೊಳ್ಳುತ್ತದೆ. ಉಸಿರಿನ ಒಂದು ಪಾಲೂ ಚರ್ಮದ ಮೂಲಕವೇ.

ಈಗ ಮಾವಿನಕಾಯಿ ಹೋಳುಗಳಿಗೆ ಉಪ್ಪು ಬೆರೆಸಿ ಜಾಡಿಯಲ್ಲಿಡುವುದನ್ನು ನೆನಪಿಸಿಕೊಳ್ಳಿ. ಬೆಳಗಾಗುವುದರೊಳಗೆ ಹೋಳು ಸುಕ್ಕಾಗಿ ಜಾಡಿಯ ತಳದಲ್ಲಿ ನೀರು ನಿಂತಿರುತ್ತದಲ್ಲವೇ? ಕಪ್ಪೆಯ ಮೇಲೆ ಉಪ್ಪು ಎರಚಿದಾಗ ಆಗುವುದೂ ಅದೇ. ಒಳಗಿನ ನೀರು ಹೊರಗೆ ಬರುತ್ತದೆ, ಉಪ್ಪು ಒಳಗೆ ಹೋಗುತ್ತದೆ, ಮೈಯೆಲ್ಲ ಉರಿಯುತ್ತದೆ. ಒಂದೇ ವ್ಯತ್ಯಾಸ, ಮಾವಿನಕಾಯಿಗೆ ನೋವಿಲ್ಲ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಇಬ್ಬರ ಭವಿಷ್ಯದಲ್ಲಿ ಇಷ್ಟೊಂದು ಅಂತರವಿರುವುದಕ್ಕೂ ಈ ಚರ್ಮವೇ ಒಂದು ದೊಡ್ಡ ಕಾರಣ. ಗದ್ದೆಗೆ ಹೊಡೆದ ಔಷಧಿ ಹಕ್ಕಿಯನ್ನು ಮುಟ್ಟುವುದು ಬಹುಮಟ್ಟಿಗೆ ಅದು ತಿನ್ನುವ ಹುಳುವಿನ ಮೂಲಕ. ಕಪ್ಪೆಗೆ ತಿನ್ನುವುದೂ ಬೇಕಿಲ್ಲ, ಆ ನೀರಲ್ಲಿ ಕುಳಿತರೆ ಸಾಕು.

ಕೆಂಪು ಪಟ್ಟಿ ಏನು ಹೇಳುತ್ತದೆ?

ಐಯುಸಿಎನ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ 1964ರಿಂದ 'ಕೆಂಪು ಪಟ್ಟಿ'ಯನ್ನು ಸಿದ್ಧಪಡಿಸುತ್ತಿದೆ. ಆಸ್ಪತ್ರೆಯಲ್ಲಿ ರೋಗಿಯ ಹಾಸಿಗೆಗೆ ತೂಗುಹಾಕುವ ಚೀಟಿಯಂತೆ ಇದು. ಆರೋಗ್ಯವಾಗಿರುವವು 'ಕನಿಷ್ಠ ಕಾಳಜಿ'ಯ ಗುಂಪು. ನಂತರ 'ಅಪಾಯದ ಸಮೀಪ', 'ಅಪಾಯಕ್ಕೆ ತುತ್ತಾಗಬಲ್ಲವು', 'ಅಪಾಯದಲ್ಲಿರುವವು', 'ತೀವ್ರ ಅಪಾಯದಲ್ಲಿರುವವು'. ಕೊನೆಗೆ 'ಕಾಡಿನಲ್ಲಿ ನಾಶವಾದವು' ಮತ್ತು 'ಸಂಪೂರ್ಣ ನಾಶವಾದವು'. ಸಾಕಷ್ಟು ತಿಳಿಯದವಕ್ಕೆ 'ಮಾಹಿತಿ ಕೊರತೆ' ಎಂಬ ಚೀಟಿ. ಇನ್ನೂ ಪರೀಕ್ಷಿಸದವು ಬೇರೆ.

ಈ ಚೀಟಿಯನ್ನು ಅಂದಾಜಿನಿಂದ ಅಂಟಿಸುವುದಿಲ್ಲ. ಹತ್ತು ವರ್ಷ ಅಥವಾ ಮೂರು ತಲೆಮಾರು, ಇವೆರಡರಲ್ಲಿ ಯಾವುದು ದೀರ್ಘವೋ ಆ ಅವಧಿಯಲ್ಲಿ ಸಂಖ್ಯೆ ಎಷ್ಟು ಕುಸಿಯಿತೆಂಬುದು ಅವರ ಅಳತೆಗಳಲ್ಲೊಂದು. ಸಾಮಾನ್ಯವಾಗಿ ಶೇಕಡಾ 30 ಕುಸಿದರೆ 'ತುತ್ತಾಗಬಲ್ಲವು', 50 ಕುಸಿದರೆ 'ಅಪಾಯ', 80 ಕುಸಿದರೆ 'ತೀವ್ರ ಅಪಾಯ'.

ಹಾಗಾದರೆ ನಮ್ಮ ಇಬ್ಬರು ಗಾಯಕರ ಚೀಟಿಯಲ್ಲಿ ಏನಿದೆ? ಆಶ್ಚರ್ಯ! ಇಬ್ಬರದೂ 'ಕನಿಷ್ಠ ಕಾಳಜಿ'. ಮಗಳಿಗೆ ಹೇಳಿದಾಗ ಅವಳಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ. ಏಕೆಂದರೆ 'ಕನಿಷ್ಠ ಕಾಳಜಿ' ಎಂದರೆ 'ಕಾಳಜಿ ಬೇಡ' ಎಂದಲ್ಲ. ಇಂದು ಜ್ವರವಿಲ್ಲ ಎಂದಷ್ಟೇ. ಈ ಚೀಟಿ ಇಡೀ ಜಗತ್ತಿನಲ್ಲಿ ಆ ಪ್ರಭೇದದ ಸ್ಥಿತಿಯನ್ನು ಹೇಳುತ್ತದೆ. ಕುಕ್ಕುವಾಡದ ಗದ್ದೆಯಲ್ಲಿ, ಹರಿಹರದ ಹೊಳೆದಂಡೆಯಲ್ಲಿ, ನಿಮ್ಮ ಊರಿನ ಕೆರೆಯಲ್ಲಿ ಅದು ಇದೆಯೋ ಇಲ್ಲವೋ ಎಂಬುದನ್ನು ಹೇಳುವುದಿಲ್ಲ.

ಸಿಂಗಾಪುರದ ಉದಾಹರಣೆ ನೋಡಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಲ್ಲಿ ಎಲ್ಲೆಂದರಲ್ಲಿ ಹಾಡುತ್ತಿದ್ದ ಮಡಿವಾಳ ಹಕ್ಕಿ 1970ರ ದಶಕದ ಹೊತ್ತಿಗೆ ಹೆಚ್ಚುಕಡಿಮೆ ಮಾಯವಾಗಿತ್ತು. ಪಂಜರಕ್ಕಾಗಿ ಹಿಡಿದದ್ದು ಅದಕ್ಕೆ ಮುಖ್ಯ ಕಾರಣಗಳಲ್ಲೊಂದು. ಜಗತ್ತಿನ ಚೀಟಿಯಲ್ಲಿ ಮಾತ್ರ ಅದು ಆಗಲೂ ಆರೋಗ್ಯವಂತ ಹಕ್ಕಿಯೇ!

ಹದಿಮೂರು ವರ್ಷಗಳಲ್ಲಿ ಬರಿದಾದ ಗದ್ದೆ

ಆರೋಗ್ಯದ ಚೀಟಿ ಎಷ್ಟು ಬೇಗ ಬದಲಾಗಬಹುದು? ಹಳದಿ ಎದೆಯ ಬಂಟಿಂಗ್ ಎಂಬ ಚಿಕ್ಕ ಹಾಡುಹಕ್ಕಿಯ ಕತೆ ಕೇಳಿ. ರಷ್ಯಾದಲ್ಲಿ ಮರಿ ಮಾಡಿ ಚಳಿಗಾಲಕ್ಕೆ ದಕ್ಷಿಣದ ಭತ್ತದ ಗದ್ದೆಗಳಿಗೆ ಬರುವ ಹಕ್ಕಿ ಅದು. ನಮ್ಮ ಈಶಾನ್ಯ ರಾಜ್ಯಗಳಿಗೂ ಬರುತ್ತದೆ. ಒಂದು ಕಾಲಕ್ಕೆ ಲಕ್ಷೋಪಲಕ್ಷ ಸಂಖ್ಯೆಯಲ್ಲಿತ್ತು. 2004ರವರೆಗೂ ಅದರ ಚೀಟಿ 'ಕನಿಷ್ಠ ಕಾಳಜಿ'ಯೇ ಆಗಿತ್ತು. ಚೀನಾದಲ್ಲಿ ಬಲೆ ಹಾಕಿ ಹಿಡಿದು ತಿನ್ನುವುದು ನಿಲ್ಲಲಿಲ್ಲ. 1997ರಲ್ಲಿ ನಿಷೇಧ ಬಂದರೂ ಕಳ್ಳವ್ಯಾಪಾರ ನಡೆಯಿತು. 2017ರಲ್ಲಿ ಅದು 'ತೀವ್ರ ಅಪಾಯ'ದ ಗುಂಪಿಗೆ ಬಂದು ನಿಂತಿತು. ಕೇವಲ ಹದಿಮೂರು ವರ್ಷ! ಒಂದು ಮಗು ಹುಟ್ಟಿ ಎಂಟನೇ ತರಗತಿಗೆ ಬರುವಷ್ಟು ಕಾಲ.

ನಮ್ಮ ಗೋಂಕರ ಕಪ್ಪೆಯೂ ಇಂತಹದೇ ಅಂಚಿನ ಕಡೆಗೆ ಹೊರಟಿತ್ತು ಎಂಬುದು ನಿಮಗೆ ಗೊತ್ತೇ? 1970-80ರ ದಶಕಗಳಲ್ಲಿ ಭಾರತ ಕಪ್ಪೆಯ ಕಾಲುಗಳನ್ನು ರಫ್ತು ಮಾಡುವ ದೊಡ್ಡ ದೇಶವಾಗಿತ್ತು. ಫ್ರಾನ್ಸ್, ಬೆಲ್ಜಿಯಂ, ಅಮೆರಿಕದ ಊಟದ ಮೇಜುಗಳಿಗಾಗಿ 1981ರ ಒಂದೇ ವರ್ಷ ನಾಲ್ಕು ಸಾವಿರ ಟನ್ನಿಗೂ ಹೆಚ್ಚು ಕಾಲುಗಳು ಹೋದವು. ಅದು ಬರೀ ಕಾಲಿನ ತೂಕ. ಅದರ ಹಿಂದಿದ್ದ ಕಪ್ಪೆಗಳೆಷ್ಟೆಂದು ನೀವೇ ಊಹಿಸಿ. ಎಲ್ಲವೂ ಗದ್ದೆ, ಕೆರೆಗಳಿಂದ ಹಿಡಿದವು, ಸಾಕಿದವಲ್ಲ. ಕಪ್ಪೆ ಕಡಿಮೆಯಾದರೆ ಹುಳು ಹೆಚ್ಚುತ್ತದೆ, ಔಷಧಿಯ ಖರ್ಚು ಏರುತ್ತದೆ ಎಂದು ತಿಳಿದವರು ಎಚ್ಚರಿಸಿದರು. 1985ರಲ್ಲಿ ಈ ಕಪ್ಪೆಯನ್ನು ವನ್ಯಜೀವಿ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಎರಡನೇ ಅನುಬಂಧಕ್ಕೆ ಸೇರಿಸಲಾಯಿತು. 1987ರಲ್ಲಿ ಭಾರತ ಸರಕಾರ ರಫ್ತನ್ನೇ ನಿಷೇಧಿಸಿತು. ಇಂದು ಅದರ ಹಾಸಿಗೆಗೆ 'ಕನಿಷ್ಠ ಕಾಳಜಿ' ಎಂಬ ಚೀಟಿಯಿದ್ದರೆ ಅದರಲ್ಲಿ ಆ ನಿಷೇಧದ ಪಾಲೂ ಇದೆ. ಬಳಿಕ ಆ ವ್ಯಾಪಾರ ಇಂಡೋನೇಶ್ಯಾದ ಕಡೆಗೆ ಹೊರಳಿತು.

ಎಂಟರಲ್ಲಿ ಒಂದು, ಐದರಲ್ಲಿ ಎರಡು

ಈ ಇಬ್ಬರನ್ನು ಬಿಟ್ಟು ಅವರ ಇಡೀ ಬಳಗವನ್ನು ನೋಡಿದರೆ ಅಂತರ ಕಣ್ಣಿಗೆ ಹೊಡೆಯುತ್ತದೆ. ಜಗತ್ತಿನಲ್ಲಿ ಸುಮಾರು 11,000 ಪ್ರಭೇದದ ಹಕ್ಕಿಗಳಿವೆ. ಅವುಗಳಲ್ಲಿ ಸುಮಾರು ಎಂಟರಲ್ಲಿ ಒಂದಕ್ಕೆ ಅಳಿವಿನ ಬೆದರಿಕೆಯಿದೆ. ಉಭಯವಾಸಿಗಳಲ್ಲಿ? 2023ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆ 8,011 ಪ್ರಭೇದಗಳನ್ನು ಪರೀಕ್ಷಿಸಿ, ಶೇಕಡಾ 40.7ಕ್ಕೆ ಬೆದರಿಕೆಯಿದೆ ಎಂದಿತು. ಅಂದರೆ ಐದರಲ್ಲಿ ಎರಡು. ಬೆನ್ನೆಲುಬುಳ್ಳ ಪ್ರಾಣಿಗಳ ವರ್ಗಗಳಲ್ಲಿ ಅತಿ ಹೆಚ್ಚು ಸಂಕಟದಲ್ಲಿರುವುದು ಇದೇ ವರ್ಗ.

ಕಾರಣ ಒಂದಲ್ಲ. ಕೆರೆ, ಕಾಡು ಮಾಯವಾಗುತ್ತಿವೆ. ಹವಾಮಾನ ಬದಲಾಗಿ ಮಳೆಯ ಲೆಕ್ಕ ತಪ್ಪಿದೆ. ಕೈಟ್ರಿಡ್ ಎಂಬ ಶಿಲೀಂಧ್ರ ಕಪ್ಪೆಗಳ ಚರ್ಮಕ್ಕೆ ತಗುಲುತ್ತದೆ. 2019ರ ಒಂದು ಅಧ್ಯಯನದ ಪ್ರಕಾರ ಅದು 501 ಪ್ರಭೇದಗಳ ಕುಸಿತಕ್ಕೆ ಕಾರಣವಾಗಿದೆ. ಅವುಗಳಲ್ಲಿ 90 ಅಳಿದೇ ಹೋಗಿವೆ ಎಂದು ಭಾವಿಸಲಾಗಿದೆ. ನಮ್ಮ ಹೊಲಗಳಿಗೆ ಹತ್ತಿರದ ಸಂಗತಿಯೂ ಒಂದಿದೆ. ಮೆಕ್ಕೆಜೋಳ ಮತ್ತು ಕಬ್ಬಿಗೆ ಬಳಸುವ ಅಟ್ರಜಿನ್ ಎಂಬ ಕಳೆನಾಶಕದ ಅತ್ಯಲ್ಪ ಅಂಶವಿದ್ದ ನೀರಿನಲ್ಲಿ ಬೆಳೆದ ಆಫ್ರಿಕಾದ ಗಂಡು ಕಪ್ಪೆಗಳಲ್ಲಿ ಹತ್ತರಲ್ಲಿ ಒಂದು ಹೆಣ್ಣಾಗಿ ಬದಲಾಯಿತು ಎಂದು ಅಮೆರಿಕದ ವಿಜ್ಞಾನಿಗಳು 2010ರಲ್ಲಿ ವರದಿ ಮಾಡಿದರು. ತಯಾರಕರು ಅದನ್ನು ಒಪ್ಪಲಿಲ್ಲ. ಆದರೆ ಯುರೋಪಿನ ಒಕ್ಕೂಟ ಅಂತರ್ಜಲ ಕೆಡುತ್ತದೆಂಬ ಕಾರಣಕ್ಕೆ ಆ ಔಷಧಿಯನ್ನು ಮೊದಲೇ ಕೈಬಿಟ್ಟಿತ್ತು.

ಹಕ್ಕಿಗೂ ಕಪ್ಪೆಗೂ ಇನ್ನೊಂದು ಅನ್ಯಾಯದ ವ್ಯತ್ಯಾಸವಿದೆ. ಹಕ್ಕಿಯನ್ನು ನೋಡುವವರು ಸಾವಿರಾರು ಮಂದಿ. 2023ರ 'ಭಾರತದ ಪಕ್ಷಿಗಳ ಸ್ಥಿತಿಗತಿ' ವರದಿಗೆ ಸುಮಾರು 30,000 ಹವ್ಯಾಸಿಗಳು ಬರೆದಿಟ್ಟ ಲೆಕ್ಕವೇ ಆಧಾರ. ಕಪ್ಪೆಯ ಲೆಕ್ಕ ಬರೆಯುವವರು ಬೆರಳೆಣಿಕೆಯವರು. ಅದಕ್ಕೇ ನಮ್ಮ ಕಾಲ ಬಳಿಯ ಕಪ್ಪೆಗಳೂ ಹೆಸರಿಲ್ಲದೆ ಉಳಿದಿದ್ದವು. ಮಂಗಳೂರಿನ ಆಸುಪಾಸಿನ ಕಪ್ಪೆಯೊಂದಕ್ಕೆ 2009ರಲ್ಲಿ ಅಲ್ಲಿನ ಅಲೋಶಿಯಸ್ ಕಾಲೇಜಿನ ನೆನಪಿಗೆ 'ಯೂಫ್ಲಿಕ್ಟಿಸ್ ಅಲೋಯ್ಸಿ' ಎಂದು ಹೆಸರಿಟ್ಟರು. 2018ರಲ್ಲಿ ಅದೇ ನಗರದ ಇನ್ನೊಂದು ಪುಟ್ಟ ಕಪ್ಪೆಗೆ, ಕೊಂಕಣಿಯಲ್ಲಿ ಮಂಗಳೂರಿಗಿರುವ ಹೆಸರನ್ನೇ ಕೊಟ್ಟು 'ಮೈಕ್ರೊಹೈಲಾ ಕೊಡಿಯಾಲ್' ಎಂದರು. 2014ರಲ್ಲಿ ಪಶ್ಚಿಮ ಘಟ್ಟಗಳಿಂದ ಒಮ್ಮೆಗೇ 14 ಹೊಸ ನರ್ತಿಸುವ ಕಪ್ಪೆಗಳನ್ನು ಗುರುತಿಸಲಾಯಿತು. ಹೆಸರೇ ಇಲ್ಲದ ಜೀವಿ ಅಳಿದರೆ ಅಳುವವರಾದರೂ ಯಾರು?

ಪಂಜರ ಮತ್ತು ಪ್ರೀತಿ

ಕಪ್ಪೆಗೆ ನಮ್ಮ ಹೇಸಿಗೆ ಶತ್ರುವಾದರೆ ಹಕ್ಕಿಗೆ ಕೆಲವೊಮ್ಮೆ ನಮ್ಮ ಪ್ರೀತಿಯೇ ಶತ್ರು. ಇಂಡೋನೇಶ್ಯಾದ ಜಾವಾ ದ್ವೀಪದಲ್ಲಿ ಸುಮಾರು ಮೂರರಲ್ಲಿ ಒಂದು ಮನೆಯಲ್ಲಿ ಪಂಜರದ ಹಕ್ಕಿಯಿದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಒಟ್ಟು 6.6ರಿಂದ 8.4 ಕೋಟಿ ಹಕ್ಕಿಗಳು! ಅಲ್ಲಿ ಹಾಡುವ ಸ್ಪರ್ಧೆಗಳು ನಡೆಯುತ್ತವೆ. ಮಡಿವಾಳ ಹಕ್ಕಿಯೂ ಅದಕ್ಕೆ ಬಲಿ. ಪಂಜರಗಳು ತುಂಬಿದಂತೆ ಕಾಡು ಮೌನವಾಗುತ್ತಿದೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿದೆ. ಗಿಳಿ, ಮುನಿಯ, ಮಡಿವಾಳದಂತಹ ನಮ್ಮ ನೆಲದ ಕಾಡುಹಕ್ಕಿಗಳನ್ನು ಹಿಡಿಯುವುದು, ಮಾರುವುದು, ಸಾಕುವುದು ಅಪರಾಧ. "ಒಂದೇ ಒಂದು ಗಿಳಿ, ಮಕ್ಕಳು ಖುಷಿಪಡುತ್ತಾರೆ" ಎಂದು ಸಂತೆಯಲ್ಲಿ ಕೊಳ್ಳುವ ನಮ್ಮ ಮನೆಗಳು ಇದನ್ನು ಅರಿಯಬೇಕು.

ಪ್ರವಾದಿ(ಸ)ರ ಮಾದರಿ ನಮಗೆ ಗೊತ್ತಿದೆ. ಮುದ್ದಿನ ಪುಟ್ಟ ಹಕ್ಕಿ ಸತ್ತು ಬೇಸರದಲ್ಲಿದ್ದ ಅಬೂ ಉಮೈರ್ ಎಂಬ ಬಾಲಕನನ್ನು ಅವರು ಹಕ್ಕಿಯ ಹೆಸರೆತ್ತಿ ಮಾತನಾಡಿಸಿದ ಪ್ರಸಂಗ ಎಲ್ಲರಿಗೂ ಚಿರಪರಿಚಿತ. ಗೂಡಿನಿಂದ ಮರಿಗಳನ್ನು ಎತ್ತಿದಾಗ ತಾಯಿಹಕ್ಕಿ ರೆಕ್ಕೆ ಬಡಿಯುವುದನ್ನು ಕಂಡು, ಮರಿಗಳನ್ನು ಮರಳಿಸಲು ಅವರು ಆಜ್ಞಾಪಿಸಿದ್ದನ್ನೂ ಕೇಳಿದ್ದೇವೆ. ಆದರೆ ಕಪ್ಪೆಯ ಬಗ್ಗೆ? ಕಪ್ಪೆಯನ್ನು ಔಷಧಿಯಲ್ಲಿ ಬಳಸುವ ಕುರಿತು ವೈದ್ಯನೊಬ್ಬ ಕೇಳಿದಾಗ ಪ್ರವಾದಿ(ಸ)ರು ಕಪ್ಪೆಯನ್ನು ಕೊಲ್ಲುವುದನ್ನು ತಡೆದರು ಎಂಬ ವರದಿ ಅಬೂದಾವೂದ್ ಸಂಗ್ರಹದಲ್ಲಿದೆ. ಮದ್ರಸಾದಲ್ಲಿ ನಾನದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಉಪ್ಪಿನ ಡಬ್ಬಿಗೆ ಕೈಹಾಕುವಾಗ ಮಾತ್ರ ನೆನಪಾಗಲಿಲ್ಲ! ಓದಿದ್ದು ಕೈಗೆ ಬರಲು ಕೆಲವೊಮ್ಮೆ ಮಕ್ಕಳೇ ಗುರುಗಳಾಗಬೇಕು. 2014ರಲ್ಲಿ ಇಂಡೋನೇಶ್ಯಾದ ಉಲಮಾ ಮಂಡಳಿ ಅಪಾಯದಲ್ಲಿರುವ ವನ್ಯಜೀವಿಗಳ ಅಕ್ರಮ ಬೇಟೆ ಮತ್ತು ವ್ಯಾಪಾರ ಹರಾಮ್ ಎಂದು ಫತ್ವಾ ನೀಡಿದ್ದೂ ಇದೇ ಕಾಳಜಿಯಿಂದ.

ಹನ್ನೆರಡರಿಂದ ನೂರಾರಿಗೆ

ಕೈಚೆಲ್ಲಿ ಕೂರಬೇಕಾಗಿಲ್ಲ. ಹಿಂದೂ ಮಹಾಸಾಗರದ ಸೇಶೆಲ್ಸ್ ದ್ವೀಪಗಳಲ್ಲಿ ನಮ್ಮ ಮಡಿವಾಳ ಹಕ್ಕಿಯದೇ ಜಾತಿಯ ಸೋದರ ಪ್ರಭೇದವೊಂದಿದೆ. ಹಡಗಿನಲ್ಲಿ ಬಂದ ಇಲಿ ಮತ್ತು ಬೆಕ್ಕುಗಳ ಬಾಯಿಗೆ ಸಿಕ್ಕಿ 1960ರ ದಶಕದಲ್ಲಿ ಅದು ಫ್ರೆಗೇಟ್ ಎಂಬ ಒಂದೇ ದ್ವೀಪದಲ್ಲಿ ಹತ್ತು ಹದಿನೈದು ಹಕ್ಕಿಗಳಿಗೆ ಇಳಿದಿತ್ತು. ಬೆಕ್ಕು, ಇಲಿಗಳನ್ನು ತೆಗೆದರು. ಗೂಡಿನ ಪೆಟ್ಟಿಗೆ ಇಟ್ಟರು. ಬೇರೆ ದ್ವೀಪಗಳಿಗೂ ಹಕ್ಕಿಗಳನ್ನು ಒಯ್ದು ಬಿಟ್ಟರು. ಸಂಖ್ಯೆ ನೂರನ್ನು ದಾಟಿ ಬೆಳೆಯಿತು. 2005ರಲ್ಲಿ ಅದರ ಚೀಟಿ 'ತೀವ್ರ ಅಪಾಯ'ದಿಂದ ಒಂದು ಮೆಟ್ಟಿಲು ಕೆಳಗಿಳಿಯಿತು.

ಪ್ರತಿ ಜೀವಿಗೂ ಈ ಅದೃಷ್ಟವಿಲ್ಲ. ಮಧ್ಯ ಅಮೆರಿಕದ ಕೋಸ್ಟರಿಕಾದಲ್ಲಿ ಬಂಗಾರದ ಬಣ್ಣದ ನೆಲಗಪ್ಪೆಯೊಂದಿತ್ತು. 1987ರಲ್ಲಿ ಸಾವಿರಕ್ಕೂ ಹೆಚ್ಚು ಕಂಡವರಿದ್ದಾರೆ. 1989ರಲ್ಲಿ ಒಂದೇ ಒಂದು ಕಂಡಿತು. ಮತ್ತೆ ಯಾರೂ ನೋಡಲಿಲ್ಲ.

ನಮ್ಮ ಕೈಯಲ್ಲೇನಿದೆ?

ಸಹೋದರಿಯರೇ, ಹೊಲಕ್ಕೆ ಯಾವ ಔಷಧಿ ಹೊಡೆಯಬೇಕು, ಹಳೆಯ ಮರ ಕಡಿಯಬೇಕೇ ಎಂಬುದನ್ನು ನಾವು ಒಬ್ಬರೇ ತೀರ್ಮಾನಿಸುವುದಿಲ್ಲ ನಿಜ. ಆದರೆ ಮನೆಯಲ್ಲಿ ಮಾತೆತ್ತಬಹುದು. ಕೆಲವು ಕೆಲಸಗಳಿಗಂತೂ ಯಾರ ಅಪ್ಪಣೆಯೂ ಬೇಕಿಲ್ಲ.

ಬಚ್ಚಲಿಗೆ ಕಪ್ಪೆ ಬಂದರೆ ಉಪ್ಪು, ಬಿಸಿನೀರು, ಫಿನಾಯಿಲ್ ಬೇಡ. ಒದ್ದೆ ಬಟ್ಟೆಯಿಂದ ಹಿಡಿದು ಅಥವಾ ಮೊರದಿಂದ ದೂಡಿ ಹೊರಗೆ ಬಿಡಿ. ಮುಟ್ಟಿದರೆ ಸೋಪಿನಿಂದ ಕೈ ತೊಳೆದುಕೊಂಡರಾಯಿತು. ಕಪ್ಪೆ ಮುಟ್ಟಿದರೆ ನರುಳ್ಳೆ ಏಳುತ್ತದೆ ಎಂಬುದು ಸುಳ್ಳು. ಮೋರಿಗೆ ಜಾಲರಿ ಹಾಕಿಸಿದರೆ ಅದು ಒಳಗೆ ಬರುವುದೇ ಇಲ್ಲ.

ಔಷಧಿ ಸಿಂಪಡಿಸಿದ ಡಬ್ಬ, ಪಂಪುಗಳನ್ನು ನಾಲೆ, ಕೆರೆ, ಹೊಂಡಗಳಲ್ಲಿ ತೊಳೆಯಬಾರದೆಂದು ಮನೆಯ ಗಂಡಸರಿಗೆ ತಿಳಿಸಿ. ಆ ನೀರು ಕಪ್ಪೆಗೆ ಮಾತ್ರವಲ್ಲ, ನಮ್ಮ ದನಕರುಗಳಿಗೂ ಕೆಟ್ಟದ್ದು.

ಹಿತ್ತಲಿನ ಹಳೆಯ ಮರದ ಪೊಟರೆಯನ್ನು ಮುಚ್ಚಬೇಡಿ. ಹೊಸ ಸಿಮೆಂಟ್ ಗೋಡೆಗಳಲ್ಲಿ ಮಡಿವಾಳ ಹಕ್ಕಿಗೆ ಜಾಗವಿಲ್ಲ. ಸುಮಾರು ಅರ್ಧ ಅಡಿ ಆಳದ ಮರದ ಪೆಟ್ಟಿಗೆಗೆ ತೂತು ಮಾಡಿ ಬೆಕ್ಕಿಗೆ ಎಟುಕದ ಎತ್ತರದಲ್ಲಿ ಕಟ್ಟಿದರೆ ಅದು ಬರಲೂಬಹುದು. ನೀರಿನ ಬಟ್ಟಲನ್ನು ಎರಡು ದಿನಕ್ಕೊಮ್ಮೆ ತೊಳೆದು ತುಂಬಿರಿ, ಇಲ್ಲವಾದರೆ ಸೊಳ್ಳೆಯಾಗುತ್ತದೆ.

ಮಕ್ಕಳ ಕೈಗೆ ಒಂದು ನೋಟ್‌ಬುಕ್ ಕೊಡಿ. ಈ ವರ್ಷದ ಮೊದಲ ಮಳೆ ಯಾವಾಗ ಬಂತು, ಕಪ್ಪೆ ಯಾವಾಗ ಕೂಗಿತು, ಮಡಿವಾಳ ಹಕ್ಕಿ ಯಾವಾಗ ಹಾಡತೊಡಗಿತು ಎಂದು ತಾರೀಖು ಸಮೇತ ಬರೆಯಲಿ. ಹಕ್ಕಿಗಳ ಲೆಕ್ಕವನ್ನು ಇ-ಬರ್ಡ್ ಎಂಬ ತಾಣಕ್ಕೆ ಮೊಬೈಲಿನಿಂದಲೇ ಕಳುಹಿಸಬಹುದು. ದೊಡ್ಡ ವರದಿಗಳು ಇಂತಹ ಸಣ್ಣ ಪುಟಗಳಿಂದಲೇ ಹುಟ್ಟುತ್ತವೆ.

ನಮ್ಮ ಮನೆಯಲ್ಲಿ ಅಂತಹ ಪುಸ್ತಕವೊಂದು ಈಗ ಅಡುಗೆ ಮನೆಯ ಕಪಾಟಿನಲ್ಲೇ ಇದೆ, ಉಪ್ಪಿನ ಡಬ್ಬಿಯ ಪಕ್ಕದಲ್ಲಿ. ಅಲ್ಲಿಡಬೇಕೆಂದು ಹಟ ಹಿಡಿದವಳು ಮಗಳೇ. ಮೊದಲ ಪುಟದಲ್ಲಿ ಎರಡು ಸಾಲಿದೆ. ಮಡಿವಾಳ ಹಕ್ಕಿ: ಕನಿಷ್ಠ ಕಾಳಜಿ. ಗೋಂಕರ ಕಪ್ಪೆ: ಕನಿಷ್ಠ ಕಾಳಜಿ. ಎರಡನೇ ಸಾಲಿನ ಮುಂದೆ ಪೆನ್ಸಿಲ್‌ನಲ್ಲಿ ಬರೆದಿದ್ದಾಳೆ: "ಅಮ್ಮಿಗೆ ಮಾತ್ರ ಹೆಚ್ಚು ಕಾಳಜಿ ಬೇಕು." ಅದನ್ನು ಅಳಿಸಬೇಡ ಎಂದು ನಾನೇ ಹೇಳಿದ್ದೇನೆ.